ಗಿರಿಜಕ್ಕ ಮತ್ತು ಸಿಕ್ಕಿಕೊಳ್ಳದ ಕಾಳು

ಕಾಳಿನ ರಾಶಿ ಕಂಡರೆ ಗಿರಿಜಕ್ಕನ ಕಾಲು ಮುಂದೆ ಹೋಗುತ್ತಿರಲಿಲ್ಲ. ಕಲಬುರಗಿಯ ಬಜಾರಿನಲ್ಲಿ ತೊಗರಿಯ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತುದಿಯ ಮೇಲೆ ಒಂದೊಂದೇ ಕಾಳು ಬಿಡುತ್ತ, ಗುಡ್ಡೆ ಯಾವಾಗ ಜಾರುತ್ತದೆಂದು ಕಾಯುವರು.

"ಮೇಡಂ, ತಗೋತೀರೋ, ಆಟಾ ಆಡ್ತೀರೋ?" ಎಂದು ಅಂಗಡಿಯವ ಗೊಣಗಿದರೆ, "ಒಂದು ಕಾಳಿನ ನಡತಿ ನಾ ಹೇಳ್ತೀನಪಾ. ಗುಂಪು ಕೂಡಿದ್ರ ಅವುಗಳ ಮರ್ಜಿ" ಎನ್ನುವರು.

ಕಮಲಾಪುರದ ಬಾಳೆತೋಟದ ಮನೆಯ ಮಗಳು, ಭೌತಶಾಸ್ತ್ರದ ಪ್ರಾಧ್ಯಾಪಕಿ, ನಮ್ಮ ಪಕ್ಕದ ಮನೆಯವರು. ಸುರಿಯುವ ಕಾಳು ಆಲಿಕೆಯ ಬಾಯಲ್ಲಿ ಯಾಕೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವುದೇ ಅವರ ಬದುಕು. ಆ ಬಗ್ಗೆ ಬರೆದ ಲೇಖನದಿಂದ ಹೊರದೇಶದವರೆಗೂ ಹೆಸರು ಹೋಗಿತ್ತು.

ಮೋಮಿನಪುರದ ರುಕ್ಸಾನಾ ಗಿರಿಜಕ್ಕನ ಕೈಕೆಳಗೆ ಸಂಶೋಧನೆಗೆ ಸೇರಿದ ಹುಡುಗಿ. ಒಂದು ದಿನ ಅಂಜುತ್ತಲೇ ಅಂದಳಂತೆ: "ಮೇಡಂ, ನಮ್ಮ ಲೆಕ್ಕದಾಗ ಕಾಳು ಒಂದರೊಳಗೊಂದು ಹೊಕ್ಕು ಕೂಡಾಕತ್ತಾವ್ರಿ. ಅದಕ್ಕೇ ಸಿಕ್ಕೊಳ್ತಾವ. ಖರೇ ಕಾಳು ಹಂಗ ಹೊಗೂದಿಲ್ರಿ."

"ನೀ ಹುಟ್ಟೋ ಮುಂಚಿನ ಪ್ರೋಗ್ರಾಂ ಅದು. ಮೊದಲು ಓದು ಹೋಗು," ಎಂದು ಗಿರಿಜಕ್ಕ ಎಲ್ಲರೆದುರು ಅಂದುಬಿಟ್ಟರು. ಹುಡುಗಿ ಮತ್ತೆ ಬರಲಿಲ್ಲ.

ಮುಂದೆ ಕಮಲಾಪುರದವರು ಅಕ್ಕನಿಗೆ ಸನ್ಮಾನ ಇಟ್ಟುಕೊಂಡರು. ಊರವರಿಗೆ ತೋರಿಸುವ ಕಂಪ್ಯೂಟರಿನ ಚಿತ್ರ ನುಣುಪಾಗಿ ಓಡಲೆಂದು ಅಕ್ಕ ಹಳೆಯ ಲೆಕ್ಕ ಕಾಳಿನ ಜಾಗ ಎಣಿಸುವ ಒಂದೊಂದು ಕ್ಷಣವನ್ನೂ ಇನ್ನಷ್ಟು ಸಣ್ಣದಾಗಿ ಒಡೆದರು. ಈಗ ಕಾಳು ಒಂದರೊಳಗೊಂದು ಹೊಗಲಿಲ್ಲ, ಸಿಕ್ಕಿಕೊಳ್ಳಲೂ ಇಲ್ಲ. ಸಲೀಸಾಗಿ ಸುರಿದುಹೋಯಿತು.

ವೇದಿಕೆಯ ಮೇಲೆ ಶಾಲು ಹೊದಿಸಲು ಬಂದವರನ್ನು ತಡೆದು, "ನಾ ಬರೆದ ಲೇಖನ ತಪ್ಪು ಅದರಿ. ವಾಪಸ್ ತಗೋಳಾಕತ್ತೀನಿ" ಎಂದರು. ಸಭೆ ಅದನ್ನು ದೊಡ್ಡವರ ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿತು. "ನಮ್ಮ ಗಿರ್ಜಿ ಮನಸು ಎಷ್ಟು ದೊಡ್ಡದು ನೋಡ್ರಿ!" ಎಂದು ಸೋದರಮಾವ ತಾವೇ ಶಾಲು ಹೊದಿಸಿದರು. ಅಕ್ಕ ತಲೆ ಎತ್ತಲಿಲ್ಲ.

ಮರಳುವಾಗ ಕಾರು ನಡೆಸುತ್ತಿದ್ದ ನನಗೆ, "ಮೋಮಿನಪುರಕ್ಕ ತಿರುಗಿಸು ತಮ್ಮಾ" ಎಂದರು.

ರುಕ್ಸಾನಾ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅಕ್ಕ ಹೊಸ್ತಿಲಲ್ಲೇ ನಿಂತರು. "ನೀ ಅಂದದ್ದೇ ಖರೆ. ನಾ ಕೇಳಲಿಲ್ಲ. ವಾಪಸ್ ಬಾರವ್ವಾ."

"ಖರೆ ಅಂತ ನನಗ ಅವತ್ತೇ ಗೊತ್ತಿತ್ರಿ ಮೇಡಂ," ಅವಳ ದನಿ ಮೆತ್ತಗಿತ್ತು. "ನೀವು ಒಂದ್ಸಲ ನೋಡ್ತೀರಿ ಅಂತ ತಿಳಕೊಂಡಿದ್ದೆ. ಈಗ ಮನಸಿಲ್ರಿ. ಒಳಗ ಬರ್ರಿ, ಚಾ ಕುಡೀರಿ."

ಚಹಾ ಬಂತು. ಕೆನೆಗಟ್ಟುವವರೆಗೂ ಅಕ್ಕ ಕಪ್ಪು ಹಿಡಿದೇ ಕೂತಿದ್ದರು.

ಮುಂದಿನ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡರು. ಕಮಲಾಪುರದಲ್ಲಿ ಮಣ್ಣು ಮಾಡುವಾಗ ರುಕ್ಸಾನಾ ಬಂದು ಹೆಂಗಸರ ಹಿಂದೆ ನಿಂತಿದ್ದಳು. "ನೀ ಯಾರವ್ವಾ?" ಎಂದು ಮುದುಕಿಯೊಬ್ಬಳು ಕೇಳಿದಳು.

"ಮೇಡಂ ಅವರ ವಿದ್ಯಾರ್ಥಿನಿರಿ," ಎಂದಳು.