ತಾರೀಖು ತಿದ್ದಿದ ಮೇಲೆ

ಮೊನ್ನೆ ಚಿಕ್ಕಪೇಟೆಯ ಓಣಿಯೊಂದರಲ್ಲಿ ಬೆಳ್ಳಿ ಕೆಲಸದವರೊಬ್ಬರು ರಾಳ ಕರಗಿಸುತ್ತಿದ್ದರು. ಆ ವಾಸನೆಗೆ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ನನ್ನ ಪಾಲಿಗೆ ಅದು ಮೇಲಿನ ಮನೆ ಆಂಟಿಯ ಅಡುಗೆಮನೆಯ ವಾಸನೆ...

ಬಸವನಗುಡಿಯ ಆ ಮನೆಯಲ್ಲಿ ನಾವು ಕೆಳಗೆ, ಅವರು ಮೇಲೆ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದವರು ಎಲ್ಲರ ಹಾಗೆ ಕಾಶಿಗೆ ಹೋಗದೆ, ದಪ್ಪ ಗಾಜಿನ ಬಿಲ್ಲೆಯೊಂದನ್ನು ತಂದು ಪುಡಿ ಹಾಕಿ ತಿಂಗಳುಗಟ್ಟಲೆ ಉಜ್ಜಿದರು. ಟೆಲಿಸ್ಕೋಪಿನ ಕನ್ನಡಿ ತಯಾರಾಗಿದ್ದು ಹಾಗೆ. ಕೊನೆಯ ಹೊಳಪಿಗೆಂದು ರಾಳ ಕಾಯಿಸಿದ ಪಾತ್ರೆಯಲ್ಲಿ ಮತ್ತೆಂದೂ ಸಾರು ಮಾಡಲಾಗಲಿಲ್ಲ.

ಚಂದ್ರ, ಶನಿ ಎಲ್ಲ ನಮ್ಮಂಥವರಿಗೆ ತೋರಿಸಲಿಕ್ಕೆ. ಅವರಿಗೆ ಬೇಕಾಗಿದ್ದದ್ದು ಭೂಮಿಯ ಹತ್ತಿರ ಹಾದುಹೋಗುವ ಕ್ಷುದ್ರಗ್ರಹ. ಅಂಥದ್ದೊಂದು ಎಲ್ಲಿದೆ ಎಂದು ನಮ್ಮ ತಾರಸಿಯಿಂದಲೇ ಅಳೆದು ಕಳಿಸಬೇಕು, ಅವುಗಳ ಜಾಡು ಹಿಡಿಯುವ ವಿದೇಶದ ಕೇಂದ್ರ ಅದನ್ನು ಒಪ್ಪಬೇಕು. "ಒಂದೇ ಒಂದ್ಸಲ ಸಾಕು ಕಣೇ," ಅನ್ನುತ್ತಿದ್ದರು.

ಕೊನೆಗೂ ಒಂದು ಬಂತು. ಬೆಳಗಿನ ಜಾವ ಮೂರು ಗಂಟೆ. ಅವರು ಚಿತ್ರ ತೆಗೆದಾಗಲೆಲ್ಲ ಕಾಲೇಜು ಹುಡುಗಿಯಾಗಿದ್ದ ನಾನು ಸಮಯ ಬರೆದುಕೊಂಡೆ. ನಾಲ್ಕು ಚಿತ್ರಗಳಲ್ಲೂ ಒಂದು ಚುಕ್ಕೆ ಮಾತ್ರ ಜಾಗ ಬದಲಿಸಿತ್ತು. ಆಂಟಿ ನನ್ನ ಕೈ ಹಿಡಿದುಕೊಂಡು ಅತ್ತೇಬಿಟ್ಟರು.

ವರದಿಯಲ್ಲಿ ಗ್ರೀನ್‌ವಿಚ್ ಸಮಯ ಹಾಕಬೇಕು. ಐದೂವರೆ ಗಂಟೆ ಕಳೆಯುವ ಕೆಲಸ ನನ್ನದು. ಬೆಳಗಿನ ಜಾವ ಮೂರರಿಂದ ಕಳೆದರೆ ಹಿಂದಿನ ರಾತ್ರಿ ಒಂಬತ್ತೂವರೆ. ತಾರೀಖೂ ಒಂದು ದಿನ ಹಿಂದಕ್ಕೆ ಹೋಗಬೇಕು. ನಾನು ಗಂಟೆ ಬದಲಿಸಿದೆ, ತಾರೀಖು ಮರೆತೆ. ಆಂಟಿ ತಿರುಗಿಯೂ ನೋಡದೆ ಕಳಿಸಿದರು.

ಆ ಹೊತ್ತಿನಲ್ಲಿ ಅದು ಅಲ್ಲಿರಲಿಲ್ಲ ಎಂದು ಉತ್ತರ ಬಂತು. ಆಗಷ್ಟೇ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. "ನನ್ನ ಕಣ್ಣೇ ಮೋಸ ಮಾಡ್ತು ಬಿಡು. ಬೇರೆ ಯಾವುದನ್ನೋ ಗುರುತು ಮಾಡ್ಬಿಟ್ಟಿದೀನಿ," ಅಂದರು.

"ಇನ್ನೊಂದ್ಸಲ ಎಲ್ಲಾ ನೋಡೋಣ ಆಂಟಿ."

"ನೀನು ಬರ್ದಿರೋದು ಸರಿಯಾಗೇ ಇರತ್ತೆ. ನಂದೇ ತಪ್ಪು."

ತಿಂಗಳ ಮೇಲೆ ಪುಸ್ತಕದೊಳಗೆ ನಾನು ಸಮಯದ ಲೆಕ್ಕ ಬರೆದಿದ್ದ ಹಾಳೆ ಸಿಕ್ಕಿತು. ತಾರೀಖು ಹಿಂದಕ್ಕೆ ಹೋಗಿರಲೇ ಇಲ್ಲ. ಕೂಡಲೇ ಮೇಲೆ ಹೋಗಿ ಹೇಳಬೇಕಿತ್ತು... ಅಷ್ಟರಲ್ಲಿ ಅವರು ಟೆಲಿಸ್ಕೋಪನ್ನು ಮತ್ತಿಕೆರೆಯ ಒಂದು ಶಾಲೆಗೆ ಕೊಟ್ಟಾಗಿತ್ತು. ಇನ್ನು ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಶುದ್ಧ ಹೇಡಿತನ, ಬೇರೇನಲ್ಲ. ಪರೀಕ್ಷೆ ಮುಗಿಯಲಿ, ಯುಗಾದಿ ಕಳೆಯಲಿ, ಅವರ ಕಣ್ಣಿನ ಆಪರೇಷನ್ ಆಗಲಿ ಅನ್ನುತ್ತಲೇ ಇದ್ದೆ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಮೊನ್ನೆ ಮನೆಗೆ ಬಂದವಳೇ ನನ್ನ ಬಳಿ ಉಳಿದಿದ್ದ ಆ ಹಳೆಯ ಚಿತ್ರಗಳನ್ನು ಹುಡುಕಿ, ತಾರೀಖು ತಿದ್ದಿ, ಅವರ ಹೆಸರಿನಲ್ಲೇ ಕಳಿಸಿದೆ. ನಿನ್ನೆ ಉತ್ತರ ಬಂತು, ಒಪ್ಪಿದ್ದಾರೆ. ಆಂಟಿ ಗುರುತು ಮಾಡಿದ್ದ ಜಾಗ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಮ್ಮ ಕಣ್ಣು ಮೋಸ ಮಾಡಿತೆಂದೇ ನಂಬಿಕೊಂಡು ಅವರು ಹೋದರು. ಇಲ್ಲ ಎಂದು ಹೇಳಲಿಕ್ಕೆ ನನಗೆ ಮೂರು ವರ್ಷ ಇತ್ತು.