ಚೌಕಶಿ ಕಿಟಕಿಯ ಚೀಟಿ

ಶ್ರಾವಣಕ್ಕೆ ಮುಂಚೆ ದೇವರ ಮನೆ ತೊಳೆಯುವಾಗ ಹಳೆಯ ವಿಭೂತಿ ಡಬ್ಬಿಯನ್ನೂ ತಳದ ತನಕ ಬರಿದು ಮಾಡಿದೆ. ವಿಭೂತಿ, ಒಣಗಿದ ಬಿಲ್ವಪತ್ರೆಗಳ ವಾಸನೆಯ ನಡುವೆ ಎಲ್ಲಿಂದಲೋ ತಂಬಾಕಿನ ಘಾಟು ಬಂತು. ತಳದಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ ಇತ್ತು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನೀಲಿ ಶಾಯಿಯಲ್ಲಿ ಮರಾಠಿ ಬರಹ. ಮೊದಲ ಸಾಲು, ಆರೂ ಕಾಲು. ಎರಡನೆಯ ಸಾಲು, ಪ್ಲಾಟ್‌ಫಾರ್ಮ್ ನಾಲ್ಕು. ಮೂರನೆಯ ಸಾಲೂ ಒಂದಿತ್ತು. ಅದನ್ನು ಓದಿದವಳು ಒದ್ದೆ ನೆಲದ ಮೇಲೆ ಹಾಗೇ ಕುಳಿತುಬಿಟ್ಟೆ.

ಅದು ಚೌಕಶಿ ಕಾಕಾ ಕೊಟ್ಟ ಚೀಟಿ. ನಾಶಿಕದ ಬಸ್ ನಿಲ್ದಾಣದಲ್ಲಿ ಬಸ್ಸಿನ ವೇಳೆ ವಿಚಾರಿಸುವ ಕಿಟಕಿಗೆ 'ಚೌಕಶಿ' ಎಂದು ಬೋರ್ಡು. ಅದರ ಹಿಂದೆ ಕೂರುತ್ತಿದ್ದವರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು, ನಾನೂ ಹೆಸರು ಕೇಳಲಿಲ್ಲ. ಎಷ್ಟೋ ವರ್ಷ ಸೊಲ್ಲಾಪುರ ಡಿಪೋದಲ್ಲಿದ್ದವರಾದ್ದರಿಂದ ಅವರ ಕನ್ನಡ ನಮ್ಮ ಕಲಬುರಗಿ ಕಡೆಯವರದಂತೆಯೇ ಇತ್ತು.

ನನ್ನ ಯಜಮಾನರದು ನಾಶಿಕದ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಅವ್ವ ಇದ್ದದ್ದು ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಆಗ ನಾವು ಔರಂಗಾಬಾದ್ ಎನ್ನುತ್ತಿದ್ದೆವು. ಅವ್ವನಿಗೆ ಪಾರ್ಶ್ವವಾಯು ಬಡಿದ ಮೇಲೆ ಪ್ರತಿ ಸೋಮವಾರ ಹೋಗುತ್ತಿದ್ದೆ. ಬಲಗೈ ಹೋಗಿತ್ತು, ಮಾತು ಹೋಗಿತ್ತು. ಎಡಗೈಯಿಂದ ನನ್ನ ಕೈ ಹಿಡಿಯುತ್ತಿದ್ದಳು. ಅಷ್ಟನ್ನಾದರೂ ಶಿವ ಉಳಿಸಿದ ಎಂದು ನಾನು ಕೈ ಮುಗಿಯುತ್ತಿದ್ದೆ.

ಮೊದಲ ಸಲ ಒಬ್ಬಳೇ ಹೊರಟ ದಿನ, ಎದುರಿಗೆ ನಿಂತಿದ್ದ ಬಸ್ಸು ಹತ್ತಲು ಹೋದ ನನ್ನ ಅಳುಮುಖ ನೋಡಿಯೇ ಕಾಕಾ ಕಿಟಕಿ ಬಿಟ್ಟು ಎದ್ದು ಬಂದರು. "ವೈನಿ, ಆ ಗಾಡಿ ಬ್ಯಾಡ್ರಿ. ದ್ರಾಕ್ಷಿ ಸುಗ್ಗಿ ಅದ, ದಾರ್ಯಾಗ ನಿಫಾಡದಾಗ ಟ್ರಾಕ್ಟರ್ ಹಿಂದ ನಿಂತು ನಿಂತು ನೀವೂ ಹಣ್ಣಾಗ್ತೀರಿ" ಎಂದರು. ಅತ್ತವಳು ನಕ್ಕೆ. ತಂಬಾಕು ತಿಕ್ಕಿದ ಕೈಯಿಂದಲೇ ಚೀಟಿ ಬರೆದು ಕೈಗಿಟ್ಟು, ತಾವೇ ಬಸ್ಸಿನವರೆಗೆ ಬಂದು, ಕಂಡಕ್ಟರನಿಗೆ ಹೇಳಿ ಕೂರಿಸಿದರು. ಹಾಗಾಗಿ ಆ ಚೀಟಿ ಓದುವ ಪ್ರಸಂಗವೇ ಬರಲಿಲ್ಲ. ಒಳ್ಳೆಯದಾದ ದಿನದ ಗುರುತನ್ನು ವಿಭೂತಿ ಡಬ್ಬಿಗೆ ಹಾಕಿಡುವುದು ನನ್ನ ರೂಢಿ. ಮನೆಗೆ ಬಂದು ಹಾಗೆಯೇ ಹಾಕಿದೆ.

ಆಮೇಲೆ ನಿಲ್ದಾಣಕ್ಕೆ ಒಂದು ಖಾಸಗಿ ಕಂಪನಿ ಬಂತು. ಬಸ್ಸು, ನಿಲ್ದಾಣ ಸರಕಾರದವು. ಪ್ರಯಾಣಿಕರಿಗೆ ಮಾಹಿತಿ ಕೊಡುವ ಕೆಲಸ ಮಾತ್ರ ಇನ್ನು ಕಂಪನಿಯದು ಎಂದು ಕರಾರು. ದೊಡ್ಡ ಪರದೆ ತೂಗು ಹಾಕಿದರು. ಅದರಲ್ಲಿ ಅರ್ಧ ಬಸ್ಸಿನ ವೇಳೆ, ಅರ್ಧ ಸೀರೆ ಅಂಗಡಿಯ ಜಾಹೀರಾತು. ಮೇಜು ಹಾಕಿಕೊಂಡು ಕಂಪನಿಯ ಒಬ್ಬಳು ಹುಡುಗಿ ಕುಳಿತಳು. ಕಾಕಾನ ಕಿಟಕಿಗೆ 'ಮಾಹಿತಿಗೆ ಪರದೆ ನೋಡಿ' ಎಂಬ ಹಲಗೆ ಬಿತ್ತು. ಅವರು ಅದರ ಹಿಂದೆಯೇ ಕೂರಬೇಕು, ಆದರೆ ಬಾಯಿ ಬಿಡುವಂತಿಲ್ಲ.

"ವ್ಯಾಳ್ಯಾ ಹೇಳೋರು ಅವರು, ಬೈಗಳಾ ತಿನ್ನಾಂವ ನಾನು. ಹಿಂಗ ಹಂಚ್ಕೊಂಡೀವ್ರಿ ವೈನಿ" ಎಂದು ಕಾಕಾ ನಗುತ್ತಿದ್ದರು.

ಪರದೆಯು ವೇಳಾಪಟ್ಟಿಯಲ್ಲಿದ್ದ ವೇಳೆಯನ್ನೇ ತೋರಿಸುತ್ತಿತ್ತು. ಕೆಟ್ಟು ನಿಂತ ಬಸ್ಸೂ ಅದರಲ್ಲಿ ಓಡುತ್ತಿತ್ತು. ಕಾಕಾ ಮಾತ್ರ ಡ್ರೈವರ್, ಕಂಡಕ್ಟರುಗಳ ಬಾಯಿಂದ ಕೇಳಿ, ನನ್ನಂಥವರಿಗೆ ಹಲಗೆಯ ಕೆಳಗಿನಿಂದ ಚೀಟಿ ಸರಿಸುತ್ತಿದ್ದರು. ಆ ಚೀಟಿಗಳ ದೆಸೆಯಿಂದ ನಾನು ಒಂದು ಸೋಮವಾರವನ್ನೂ ಕಳೆದುಕೊಳ್ಳಲಿಲ್ಲ.

ಒಮ್ಮೆ ಪರದೆಯನ್ನು ನಂಬಿದವರೆಲ್ಲ ನಿಂತಲ್ಲೇ ನಿಂತರು, ಚೀಟಿ ನಂಬಿದ ನಾನು ಹೊತ್ತಿಗೆ ಮುಟ್ಟಿದೆ. ಇಂಥವರ ಒಳ್ಳೆಯತನ ಯಾರಿಗಾದರೂ ತಿಳಿಯಬೇಡವೇ ಎನ್ನಿಸಿತು. ಮರುದಿನ ವಾಪಸು ಬಂದು ಇಳಿದವಳೇ ಕಂಪನಿಯ ಮೇಜಿನ ಮೇಲಿದ್ದ ಅಭಿಪ್ರಾಯದ ಹಾಳೆಯಲ್ಲಿ ಬರೆದೆ: ನಿಮ್ಮ ಪರದೆ ಸುಳ್ಳು, ನಮ್ಮ ಕಾಕಾನ ಚೀಟಿ ಖರೆ, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ನಂಬಲಿ ಎಂದು ಆ ಚೀಟಿಯನ್ನೇ ಹಾಳೆಗೆ ಗುಂಡುಸೂಜಿಯಿಂದ ಚುಚ್ಚಿದೆ. ಹುಡುಗಿ ನಕ್ಕು "ಥ್ಯಾಂಕ್ಯೂ ಆಂಟಿ" ಎಂದಳು. ಒಂದು ಪುಣ್ಯದ ಕೆಲಸ ಮಾಡಿದೆನೆಂಬ ಖುಷಿಯಲ್ಲಿ ಪಂಚವಟಿಗೆ ಹೋಗಿ ಗೋದಾವರಿಯಲ್ಲಿ ಕಾಲು ತೊಳೆದು ಮನೆಗೆ ಬಂದೆ.

ಮುಂದಿನ ಸೋಮವಾರ ಕಿಟಕಿ ಖಾಲಿ. ಅದರ ಮುಂದಿನ ಸೋಮವಾರವೂ. ನಿಲ್ದಾಣದ ಚಹಾದವನು, ಅವನೂ ನಮ್ಮ ಕಡೆಯವನೇ, ಹೇಳಿದ, "ಕಾಕಾನ ಚೀಟಿ ಸಾಹೇಬರ ಟೇಬಲ್ ಮ್ಯಾಲೆ ಹೋತ್ರಿ. ಕರಾರ್ ಮುರದಾನಂತ ಮನೀಗಿ ಕಳಿಸ್ಯಾರ. ಯಾವಳೋ ಪುಣ್ಯಾತಗಿತ್ತಿ ಒಯ್ದು ಕೊಟ್ಟಾಳ ನೋಡ್ರಿ." ನಾನು ಚಹಾ ಕುಡಿದು ಮುಗಿಸಿದೆ. ನಾನೇ ಅವಳು ಎನ್ನಲಿಲ್ಲ...

ತಿಂಗಳ ಮೇಲೆ ಕಾಕಾ ಮರಳಿ ಬಂದರು. ನಿವೃತ್ತಿಗೆ ಒಂದೇ ವರ್ಷವಿತ್ತು. ಇನ್ನೊಂದು ಚೀಟಿ ಸಿಕ್ಕರೆ ಶಾಶ್ವತವಾಗಿ ಮನೆಗೆ ಎಂದು ಸಾಹೇಬರು ಬರೆಸಿಕೊಂಡಿದ್ದರಂತೆ. ಖಾಲಿ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂರುತ್ತಿದ್ದರು. ನಾನು ಹಾದುಹೋದರೆ ಬೇರೆ ಕಡೆ ನೋಡುತ್ತಿದ್ದರು. ಕ್ಷಮೆ ಕೇಳಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ. ಬಸ್ಸಿಗೆ ಹೊತ್ತಾಯಿತು ಎಂದು ಪ್ರತಿ ಸಲ ಮುಂದೆ ನಡೆಯುತ್ತಿದ್ದೆ.

ಒಂದು ಬೆಳಿಗ್ಗೆ ಅಕ್ಕನ ಫೋನ್ ಬಂತು, ಅವ್ವ ಸಂಜೆ ಕಾಣುವುದು ಕಷ್ಟ ಎಂದು. ನಾನು ಓಡಿಬಂದು ನೇರ ಕಿಟಕಿಗೆ ಹೋದೆ. "ಕಾಕಾ, ಅವ್ವಂದು ಕಡೀ ಗಳಿಗಿ ಅದರಿ. ಯಾವ ಗಾಡಿ ಮೊದಲ ಹೋಗ್ತದ, ಒಂದ್ ಮಾತು ಹೇಳ್ರಿ."

ಅವರು ಮೇಜಿನ ಹುಡುಗಿಯ ಕಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಪರದೆ ನೋಡ್ರಿ, ವೈನಿ."

ಪರದೆಯಲ್ಲಿ ಹನ್ನೊಂದೂ ಹತ್ತು, ಪ್ಲಾಟ್‌ಫಾರ್ಮ್ ಐದು ಎಂದಿತ್ತು. ಐದರಲ್ಲಿ ಹೋಗಿ ನಿಂತೆ. ಪಕ್ಕದ ನಾಲ್ಕರಲ್ಲಿ ಬೋರ್ಡಿಲ್ಲದ ಬಸ್ಸೊಂದು ಬಂತು, ತುಂಬಿತು, ನನ್ನ ಸೆರಗಿಗೆ ಧೂಳು ಹಾರಿಸಿ ಹೋಯಿತು. ಪರದೆಯಲ್ಲಿ ನನ್ನ ಬಸ್ಸು ಮಿನುಗುತ್ತಲೇ ಇತ್ತು. ಒಂದೂವರೆ ಗಂಟೆಯ ಮೇಲೆ ಬಂದ ಇನ್ನೊಂದು ಬಸ್ಸು ಹತ್ತಿದಾಗ ಅದರ ಕಂಡಕ್ಟರ್ ಹೇಳಿದ, ಹನ್ನೊಂದೂ ಹತ್ತರ ಬಸ್ಸು ಕೆಟ್ಟಿತ್ತು, ಅದರ ಬದಲಿಗೆ ಬಿಟ್ಟದ್ದೇ ಆ ಬೋರ್ಡಿಲ್ಲದ್ದು ಎಂದು.

ನಾನು ಮುಟ್ಟುವ ಮುಕ್ಕಾಲು ಗಂಟೆ ಮೊದಲು ಅವ್ವ ಹೋಗಿದ್ದಳು. ಮುಖಕ್ಕೆ ಇನ್ನೂ ಬಟ್ಟೆ ಮುಚ್ಚಿರಲಿಲ್ಲ, ಅದೊಂದು ಪುಣ್ಯ. ಎಡಗೈ ಬಾಗಿಲ ಕಡೆಗೆ ಚಾಚಿತ್ತು. ಅಕ್ಕ ಅಂದಳು, "ಕಡೀತನಕ ಕೈ ಹಂಗೇ ಇತ್ತು. ನಾ ಹಿಡದ್ರ ಬಿಡಿಸ್ಕೊಂಡ್ಲು."

ದಿನಕರ್ಮ ಮುಗಿಸಿಕೊಂಡು ನಾಶಿಕದಲ್ಲಿ ಇಳಿದವಳು ಕಿಟಕಿಯ ಮುಂದೆ ನಿಂತೆ. "ಬೋರ್ಡಿಲ್ಲದ ಆ ಗಾಡಿ ನಂದೇ ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಚೀಟಿ ನನ್ನ ಕೈಲೆ ಬರದದ್ದು ಅಂತ ನಿಮಗೂ ಗೊತ್ತಿತ್ತಲ್ರಿ, ವೈನಿ."

ಹಿಂದಿನವರು ಸರಿಯಿರಿ ಎಂದಾಗ ಕಿಟಕಿಯ ಸರಳು ಬಿಟ್ಟು ಸರಿದೆ. ನಮ್ಮಿಬ್ಬರ ನಡುವಿನ ಕೊನೆಯ ಮಾತು ಅದು.

ಈಗ ಆ ಕಿಟಕಿಗೆ ಹಲಗೆ ಹೊಡೆದಿದ್ದಾರೆ. ಕರಾರು ಮುಗಿದು ಕಂಪನಿಯೂ ಹೋಯಿತು, ಪರದೆ ಕಪ್ಪಾಗಿ ಬಹಳ ದಿನ ನೇತಾಡಿತು. ಕಾಕಾ ನಿವೃತ್ತರಾದ ಎರಡನೆಯ ವರ್ಷವೇ ತೀರಿದರಂತೆ. ಅವತ್ತು ಹುಡುಗಿಗೆ ಹೆದರಿ ಸುಮ್ಮನಾದರೋ, ನನಗೆ ಬುದ್ಧಿ ಕಲಿಸಿದರೋ... ಇನ್ನು ಯಾರನ್ನು ಕೇಳಲಿ? ಯಾವುದಾದರೂ ನನಗೆ ತಕ್ಕದ್ದೇ.

ಡಬ್ಬಿಯಲ್ಲಿ ಸಿಕ್ಕ ಚೀಟಿಯ ಮೂರನೆಯ ಸಾಲಿನಲ್ಲಿ, ಅವ್ವ ಹೋಗುವುದಕ್ಕೆ ಎಷ್ಟೋ ಮೊದಲು, ಅವರು ನನಗೆ ಬರೆದುಕೊಟ್ಟಿದ್ದರು: 'ಒಮ್ಮೊಮ್ಮೆ ಗಾಡಿಗೆ ಬೋರ್ಡ್ ಇರುವುದಿಲ್ಲ. ಕಂಡಕ್ಟರನನ್ನು ಕೇಳಿ ಹತ್ತಿಕೊಳ್ಳಿ.'

ಡಬ್ಬಿ ತೊಳೆದು ಒರೆಸಿ ಹೊಸ ವಿಭೂತಿ ತುಂಬಿದೆ. ಚೀಟಿಯನ್ನು ಅದರೊಳಗೆ ಹಾಕಲು ಕೈ ಬರಲಿಲ್ಲ. ಇನ್ನೂ ದೇವರ ಮನೆಯ ಹೊಸ್ತಿಲ ಮೇಲೇ ಇದೆ, ಹಾರದಂತೆ ಗಂಟೆ ಇಟ್ಟಿದ್ದೇನೆ.