ಉಚ್ಚೆಂಗೆಮ್ಮನ ಮಿರ್ಚಿ, ದೊಡ್ಡಬಸಪ್ಪನ ಗುಳಿಗೆ

ಇದರಲ್ಲಿ ಒಂದು ಮಾತು ಸುಳ್ಳಾಗಿದ್ದರೂ ನಾಳೆಯಿಂದ ನನ್ನ ಪಾಲಿಗೆ ಮಿರ್ಚಿ ಇಲ್ಲದಂತಾಗಲಿ. ಸಿರುಗುಪ್ಪದಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ಇನ್ನೂ ಬೆಳಕು ಹರಿದಿಲ್ಲ. ಬಸ್ ನಿಲ್ದಾಣದ ಎದುರಿನ ತಗಡಿನ ಅಂಗಡಿಯಲ್ಲಿ ಉಚ್ಚೆಂಗೆಮ್ಮ ಬಾದನಹಟ್ಟಿಯ ಮೆಣಸಿನಕಾಯಿ ಸೀಳಿ ಮಸಾಲೆ ತುಂಬುತ್ತಿದ್ದಾರೆ. ಗಾಳಿ ಆ ಕಡೆ ಬೀಸಿದ ದಿನ ಕೆಂಚನಗುಡ್ಡದ ಹೊಳೆಯಲ್ಲಿ ಮೀನು ಸೀನುವುದನ್ನು ಕೇಳಿದವರಿದ್ದಾರೆ. ಬೆರಳಿಗೆ ಇಳಿದ ಖಾರ ತೊಳೆದರೂ ಹೋಗುವುದಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳುವಾಗ ಕೈಗೆ ಸೆರಗು ಸುತ್ತಿಕೊಳ್ಳುತ್ತಾರೆ. ಊರಿಗೆ ಮಾತ್ರ ಇದು ಬಾಣಲೆಯ ಮುಂದೆ ಕೂರುವ ಗಂಡನ ಹೆಸರಿನ 'ದೊಡ್ಡಬಸಪ್ಪನ ಮಿರ್ಚಿ'.

"ಹಿಟ್ಟು ಕಲಸಾಕಿ ನಾನು, ಹೆಸರು ಅವರ್ದು. ಇರ್ಲಿ ಬಿಡ್ರಿ, ಬೋರ್ಡ್ ಬರಿಸಿದಾರ" ಎನ್ನುತ್ತಾರೆ.

ಏಳು ವರ್ಷದ ಹಿಂದೆ ದೊಡ್ಡಬಸಪ್ಪನವರಿಗೆ ಎದೆಯುರಿ ಬಂದಾಗ ಕುರುಗೋಡಿನ ಡಾಕ್ಟರು ಗ್ಯಾಸ್ ಗುಳಿಗೆ ಬರೆದರು. ಬೆಳಿಗ್ಗೆ, ಖಾಲಿ ಹೊಟ್ಟೆಗೆ, ತಿನ್ನುವ ಅರ್ಧ ಗಂಟೆ ಮೊದಲು, ಎರಡು ವಾರ. ಅವರು ಎಲ್ಲವನ್ನೂ ಪಾಲಿಸಿದರು, 'ಎರಡು ವಾರ' ಒಂದನ್ನು ಬಿಟ್ಟು. ಇವತ್ತಿಗೂ ನುಂಗುತ್ತಾರೆ. ಗಿರಾಕಿಗಳಿಗೂ ಉಪ್ಪಿನ ಪಕ್ಕ ಗುಳಿಗೆ ಡಬ್ಬಿ ಇಟ್ಟರು. ಮೊದಲು ಗುಳಿಗೆ, ಆಮೇಲೆ ಮಿರ್ಚಿ. ತಾಲೂಕಿನಲ್ಲಿ ಜನ ಅರ್ಧ ಗಂಟೆ ಬಾಯಿ ಮುಚ್ಚಿ ಕೂರುತ್ತಿದ್ದ ಏಕೈಕ ಜಾಗ ಇದಾಗಿತ್ತು.

ಆ ಡಬ್ಬಿಯನ್ನು ಉಚ್ಚೆಂಗೆಮ್ಮ ಹೋದ ಮಳೆಗಾಲದಲ್ಲಿ ಚರಂಡಿಗೆ ಎಸೆದರು. ಗಂಡನ ಅಂಗಿಯೊಳಗೆ ಇನ್ನೊಬ್ಬರು ಹಿಡಿಯುವಷ್ಟು ಜಾಗವಾಗಿತ್ತು. "ಎರಡು ತುತ್ತಿಗೆ ಹೊಟ್ಟಿ ತುಂಬ್ತು ಅಂತಾರ್ರಿ. ಹೊರಕಡಿಗಿ ಹೋದ್ರ ಡಾಂಬರಿನಂಗ ಕರ್ರಗ."

ಆರೋಗ್ಯ ಕೇಂದ್ರದ ನರ್ಸ್ ನೇತ್ರಾ ಡ್ಯೂಟಿಗೆ ಮೊದಲು ಇಲ್ಲಿ ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿನ್ನುತ್ತಾರೆ. ಇವತ್ತೂ ಅದೇ ಮಾತು. "ಗುಳಿಗಿ ಕೆಟ್ಟದ್ದಲ್ಲ ಕಾಕಾ, ಡಾಕ್ಟ್ರು ಹೇಳಿದಷ್ಟು ದಿನ ತಗೊಂಡ್ರ. ಅದು ಉರಿ ಅಡಗಿಸ್ತೈತಿ, ಒಳಗ ಏನಾಗೇತಂತ ಹೇಳಂಗಿಲ್ಲ. ಬಳ್ಳಾರಿಗೆ ಹೋಗಿ ಪೈಪ್ ಬಿಟ್ಟು ನೋಡಿಸ್ರಿ. ತಡ ಮಾಡಬ್ಯಾಡ್ರಿ."

"ಉರಿನ ಇಲ್ಲಂದ್ರ ರೋಗ ಎಲ್ಲಿಂದ ಬಂತವ್ವಾ? ಮಿರ್ಚಿ ಇಳಿಯೋ ಗಂಟಲಾಗ ಪೈಪ್ ಇಳಿಸ್ಲ್ಯಾ?"

"ಮಿರ್ಚಿ ಎಲ್ಲಿ ಇಳದೈತ್ರಿ?" ಎನ್ನುತ್ತಾರೆ ಉಚ್ಚೆಂಗೆಮ್ಮ, ಕಾಯಿಯಿಂದ ಕಣ್ಣು ಎತ್ತದೆ. "ದೀಪಾವಳಿ ಆದಮ್ಯಾಲ ಒಂದೂ ಮುಟ್ಟಿಲ್ಲ ನೀವು."

ದೊಡ್ಡಬಸಪ್ಪ ಸೌಟಿನಿಂದ ಎಣ್ಣೆ ಕಲಕುತ್ತಾರೆ.

ಅಂಗಡಿಯ ಮೊಳೆಗೆ ಒಂದು ಕೈಚೀಲ ತೂಗುತ್ತಿದೆ. ಅದರಲ್ಲಿ ಟವೆಲ್, ಒಗೆದ ಪಂಚೆ, ನೀರಿನ ಬಾಟಲಿ. ಉಚ್ಚೆಂಗೆಮ್ಮ ಅದನ್ನು ದಿನಾ ಬೆಳಿಗ್ಗೆ ತರುತ್ತಾರೆ, ಸಂಜೆ ಮನೆಗೆ ಒಯ್ಯುತ್ತಾರೆ. ಮಿರ್ಚಿ ಬೇಗ ಖಾಲಿಯಾಗಿ ಬಳ್ಳಾರಿಗೆ ಹೊರಡುವಂತಾಗಲೆಂದು ಹಿಟ್ಟನ್ನೂ ಅರ್ಧಕ್ಕೆ ಇಳಿಸಿದ್ದಾರೆ. ಎದುರಿಗೆ ಬಳ್ಳಾರಿ ಬಸ್ ಬಂದು ನಿಲ್ಲುತ್ತದೆ.

"ಖಾಲಿ ಹೊಟ್ಟೀಲೆ ಬರಬೇಕಂತ್ರಿ ಅಲ್ಲಿಗಿ. ನಮ್ಮವ್ರದು ಯಾವಾಗ್ಲೂ ಖಾಲಿನ ಐತಲ್ಲ."

ನಿಮಗೇನು ಆಸೆ ಎಂದು ಕೇಳಿದರೆ ಕೈಯಲ್ಲಿನ ಕಾಯಿಗೆ ಮಸಾಲೆ ತುಂಬಿ ಮುಗಿಸುತ್ತಾರೆ. ಆಮೇಲೆ ಗಂಡನ ಬೆನ್ನಿಗೆ ಹೇಳುತ್ತಾರೆ: "ಬೋರ್ಡಿನ್ಯಾಗ ನನ್ನ ಹೆಸರು ಬ್ಯಾಡ. ಒಂದಿನ ಇವ್ರು ಕುಂತು ನನ್ನ ಮಿರ್ಚಿ ಪೂರ್ತಿ ತಿಂದು, ಇದೇನಲೇ ಉಪ್ಪು ಕಮ್ಮಿ ಐತಿ ಅಂತ ಬೈದು..."

ದೊಡ್ಡಬಸಪ್ಪ ಸೌಟು ಕೆಳಗಿಟ್ಟು ಎದ್ದಿದ್ದಾರೆ. ಜೇಬಿನಿಂದ ಖಾಲಿ ಗುಳಿಗೆಪಟ್ಟಿ ತೆಗೆದು ರಸ್ತೆ ದಾಟುತ್ತಾರೆ. ಉಚ್ಚೆಂಗೆಮ್ಮ ಮೊಳೆಯಿಂದ ಚೀಲ ಇಳಿಸಿ ಕೈಯಲ್ಲಿ ಹಿಡಿದು ನಿಂತಿದ್ದಾರೆ. ದೊಡ್ಡಬಸಪ್ಪ ಬಳ್ಳಾರಿ ಬಸ್ಸಿನ ಬಾಗಿಲ ಮುಂದೆ ಹಾದುಹೋಗಿ, ಅದರ ಪಕ್ಕದ ಔಷಧಿ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.